ಬಸ್ಸಾರಿನ ಪಕ್ಕ ಯಾವ ಪುಸ್ತಕ? ವೈನ್ ಮತ್ತು ಊಟದ ಪುಸ್ತಕ ಕೊಳ್ಳುವ ಮೊದಲು

ನಮ್ಮ ಚಿಕ್ಕಪ್ಪನ ಮಗ ನಂದಿ ಬೆಟ್ಟದ ತಪ್ಪಲಿನಲ್ಲಿ ಮೂರು ಕೋಣೆಯ ಹೋಂಸ್ಟೇ ಶುರು ಮಾಡಿದ್ದಾನೆ. ಶನಿವಾರ ಸಂಜೆ ಬೆಂಗಳೂರಿನಿಂದ ಬಂದು ಉಳಿದು, ಭಾನುವಾರ ಬೆಳಗಿನ ಜಾವ ಬೆಟ್ಟದ ಮಂಜು ನೋಡಲು ಹೊರಡುವವರೇ ಅವನ ಗಿರಾಕಿಗಳು. ಅವರಲ್ಲಿ ಕೆಲವರು ಬ್ಯಾಗಿನಲ್ಲಿ ಒಂದು ವೈನ್ ಬಾಟಲಿ ಇಟ್ಟುಕೊಂಡೇ ಬರುತ್ತಾರೆ. ಊಟಕ್ಕೆ ಕೂತಾಗ, "ಮುದ್ದೆ, ನಾಟಿಕೋಳಿ ಸಾರಿಗೆ ಇದು ಹೊಂದುತ್ತಾ?" ಎಂದು ಅವನನ್ನೇ ಕೇಳುತ್ತಾರೆ. ದ್ರಾಕ್ಷಿ ಬೆಳೆಯುವ ಊರಿನವನಿಗೆ ಇಷ್ಟು ಗೊತ್ತಿರಲೇಬೇಕು ಅನ್ನುವುದು ಅವರ ಲೆಕ್ಕ. ಅವನು ನನ್ನ ಹತ್ತಿರ ಬಂದ. "ಅಣ್ಣಾ, ನಿನ್ ಕಪಾಟಲ್ಲಿ ಅಷ್ಟೊಂದು ಇದೆಯಲ್ಲ, ಯಾವುದಾದರೂ ಒಂದು ಹೇಳು, ತಗೊಳ್ತೀನಿ" ಎಂದ.

ಒಳಗಿನಿಂದ ಅಮ್ಮ, "ಕುಡಿಯೋಕೂ ಪುಸ್ತಕ ಬೇಕೇನಪ್ಪಾ ಈಗ?" ಅಂದಳು.

ಅಮ್ಮನಿಗೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ತಮ್ಮನಿಗೆ ಹೇಳಲು ಬೇಕಾದಷ್ಟಿತ್ತು. ಹತ್ತು ಹನ್ನೆರಡು ವರ್ಷದಿಂದ ಈ ಪುಸ್ತಕಗಳನ್ನು ಕೊಳ್ಳುತ್ತಾ, ಅರ್ಧದಷ್ಟು ದುಡ್ಡನ್ನು ದಂಡವಾಗಿ ಕಳೆದಿದ್ದೇನೆ. ಯಾವುದರಿಂದ ಏನು ಸಿಕ್ಕಿತು, ಯಾವುದು ನಮ್ಮ ಕಡೆಯ ಊಟಕ್ಕೆ ಕೈಕೊಟ್ಟಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅತಿಥಿ ತಂದ ಬಾಟಲಿಗೆ ಏನು ಹೊಂದುತ್ತದೆ ಎಂದು ಹೇಳುವುದು ಬೇರೆ, ನೀವೇ ವೈನ್ ಮಾರುವುದು ಬೇರೆ. ಎರಡನೆಯದಕ್ಕೆ ಅಬಕಾರಿ ಪರವಾನಗಿ ಬೇಕು, ಅದನ್ನು ಯಾವ ಪುಸ್ತಕವೂ ಕೊಡುವುದಿಲ್ಲ.

ಪಟ್ಟಿಯೋ, ಕಾರಣವೋ

ಊಟ ಮತ್ತು ವೈನ್ ಎರಡನ್ನೂ ಕೂಡಿಸುವ ಪುಸ್ತಕಗಳಲ್ಲಿ ಎರಡು ಜಾತಿ. ಒಂದು, ಪಟ್ಟಿ ಕೊಡುವಂಥದ್ದು: ಈ ತಿನಿಸಿಗೆ ಈ ವೈನ್. ಇನ್ನೊಂದು, ಕಾರಣ ಕೊಡುವಂಥದ್ದು: ಹುಳಿ ಇದ್ದರೆ ಹೀಗೆ, ಖಾರ ಇದ್ದರೆ ಹಾಗೆ, ಯಾಕೆಂದರೆ ನಾಲಿಗೆಯ ಮೇಲೆ ಆಗುವುದು ಇದು.

ಅಂಗಡಿಯಲ್ಲಿ ನಿಂತಾಗ ಪಟ್ಟಿಯ ಪುಸ್ತಕವೇ ಕಣ್ಣಿಗೆ ಬೀಳುತ್ತದೆ. ಬೇಕಾದ್ದನ್ನು ತಟ್ಟನೆ ಹುಡುಕಬಹುದು ಅನಿಸುತ್ತದೆ. ಈ ಬಗೆಯಲ್ಲಿ ಹೆಸರಾದದ್ದು ಆಂಡ್ರೂ ಡಾರ್ನೆನ್‌ಬರ್ಗ್ ಮತ್ತು ಕ್ಯಾರೆನ್ ಪೇಜ್ 2006ರಲ್ಲಿ ತಂದ 'ವಾಟ್ ಟು ಡ್ರಿಂಕ್ ವಿತ್ ವಾಟ್ ಯು ಈಟ್'. ತಿನಿಸಿನ ಹೆಸರು ಹಿಡಿದು ಪಾನೀಯಕ್ಕೂ ಹೋಗಬಹುದು, ಪಾನೀಯದ ಹೆಸರು ಹಿಡಿದು ತಿನಿಸಿಗೂ ಬರಬಹುದು. ವೈನ್ ಮಾತ್ರವಲ್ಲ, ಬಿಯರ್, ಕಾಫಿ, ಟೀ, ಕೊನೆಗೆ ನೀರಿನ ಬಗ್ಗೆಯೂ ಇದೆ. ಪಟ್ಟಿಯ ಪುಸ್ತಕಗಳಲ್ಲಿ ಇದಕ್ಕಿಂತ ಶ್ರದ್ಧೆಯಿಂದ ಮಾಡಿದ್ದನ್ನು ನಾನು ನೋಡಿಲ್ಲ. ಆದರೂ ಬಸ್ಸಾರು ಯಾವ ಅಕ್ಷರದ ಕೆಳಗೆ ಬರುತ್ತದೆ? ಉಪ್ಸಾರು? ಮಸ್ಸೊಪ್ಪು? ಹಿದುಕಿದ ಬೇಳೆ ಸಾರು? ಹುರುಳಿಕಾಳು ಬಸಿದ ಕಟ್ಟಿನ ಸಾರು? ಪರದೇಶದವರು 'ಇಂಡಿಯನ್ ಫುಡ್' ಅಂದಾಗ ಅವರ ಕಣ್ಣ ಮುಂದೆ ಇರುವುದು ಲಂಡನ್ನಿನ, ನ್ಯೂಯಾರ್ಕಿನ ಹೋಟೆಲುಗಳಲ್ಲಿ ಕೆನೆ ಸುರಿದು ಕೊಡುವ ಪಂಜಾಬಿ ಊಟ. ಚಿಂತಾಮಣಿಯ ಮನೆಯ ಸಾರಿನ ವಾಸನೆ ಅಲ್ಲಿಗೆ ತಲುಪಿಲ್ಲ.

ಇನ್ನೊಂದು ತೊಂದರೆಯೂ ಇದೆ. ಖಾರದ ಊಟಕ್ಕೆ ಗೆವುರ್ಟ್ಸ್‌ಟ್ರಾಮಿನರ್ ಎಂಬ ದ್ರಾಕ್ಷಿಯ ವೈನ್ ಕುಡಿಯಿರಿ ಎಂದು ಪಟ್ಟಿಗಳು ಮತ್ತೆ ಮತ್ತೆ ಹೇಳುತ್ತವೆ. ಆ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ನಮ್ಮೂರಿನ ವೈನ್ ಅಂಗಡಿಗೆ ಹೋಗಿದ್ದೆ. ಕೌಂಟರಿನ ಹುಡುಗ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಮೆಡಿಕಲ್‌ನಲ್ಲಿ ಸಿಗುತ್ತೆ ಸಾರ್" ಎಂದ. ನಮ್ಮ ಕಡೆ 'ವೈನ್ ಶಾಪ್' ಅಂದರೆ ವೈನ್ ಬಿಟ್ಟು ಮಿಕ್ಕೆಲ್ಲ ಸಿಗುವ ಅಂಗಡಿ ಎಂಬುದು ಗೊತ್ತಿದ್ದೂ ಹೋಗಿದ್ದು ನನ್ನ ತಪ್ಪು.

ಕಾರಣ ಕೊಡುವ ಪುಸ್ತಕವಾದರೆ ಈ ಪೇಚಾಟವಿಲ್ಲ. ಮದ್ಯಾಂಶ ಖಾರದ ಉರಿಯನ್ನು ಕೆದಕುತ್ತದೆ, ಒಗರು ಅದನ್ನು ಇನ್ನಷ್ಟು ಒರಟು ಮಾಡುತ್ತದೆ. ಹಾಗಾಗಿ ನೂರಕ್ಕೆ ಹದಿನಾಲ್ಕರಷ್ಟು ಮದ್ಯಾಂಶವಿರುವ ದಪ್ಪ ಕೆಂಪು ವೈನಿಗಿಂತ, ಕಡಿಮೆ ಮದ್ಯಾಂಶದ, ಚೂರು ಸಿಹಿ ಉಳಿದಿರುವ, ತಣ್ಣಗೆ ಮಾಡಿದ ಬಿಳಿ ವೈನ್ ನಾಟಿಕೋಳಿ ಸಾರಿಗೆ ವಾಸಿ. ಇಷ್ಟು ತಿಳಿದರೆ ಅತಿಥಿ ಯಾವ ಬಾಟಲಿ ತಂದರೂ ಹಿಂಬದಿಯ ಚೀಟಿ ಓದಿ ಉತ್ತರ ಹೇಳಬಹುದು. ಗೆವುರ್ಟ್ಸ್‌ಟ್ರಾಮಿನರ್ ಸಿಗದಿದ್ದರೆ ನಮ್ಮಲ್ಲಿ ಸುಲಭವಾಗಿ ಸಿಗುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಆ ಕೆಲಸ ಮಾಡುತ್ತದೆ. ಹುಳಿಗೂ ಹೀಗೇ ಒಂದು ಸೂತ್ರವಿದೆ: ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆಯಾದರೆ ವೈನ್ ಸಪ್ಪೆಯಾಗುತ್ತದೆ. ಸಿಹಿಗೂ ಅಷ್ಟೇ. ಹೋಳಿಗೆಯ ಜೊತೆ ಸಿಹಿಯಿಲ್ಲದ ವೈನ್ ಕುಡಿದು ನೋಡಿ, ಹುಳಿ ನೀರು ಕುಡಿದಂತಾಗುತ್ತದೆ. ವೈನ್ ತಿಂಡಿಗಿಂತ ಸಿಹಿಯಾಗಿರಬೇಕು.

ಉಪ್ಸಾರಿನ ಖಾರಕ್ಕೆ? ಅದಕ್ಕೆ ಯಾವ ವೈನೂ ಇಲ್ಲ. ಮೆಣಸಿನಕಾಯಿಯ ಉರಿ ನೀರಿನಲ್ಲಿ ಕರಗುವಂಥದ್ದಲ್ಲ, ಜಿಡ್ಡಿನಲ್ಲಿ ಕರಗುವಂಥದ್ದು. ಹಾಲಿನ ಪ್ರೋಟೀನು ಅದನ್ನು ಹಿಡಿದು ಎಳೆದೊಯ್ಯುತ್ತದೆ. ಮಜ್ಜಿಗೆಯೇ ಸರಿ. 'ಇಲ್ಲಿ ವೈನ್ ಬೇಡ' ಎಂದು ಒಂದಾದರೂ ಕಡೆ ಒಪ್ಪಿಕೊಳ್ಳುವ ವೈನ್ ಪುಸ್ತಕ ಕಂಡರೆ ಅದರ ಮೇಲೆ ನನಗೆ ನಂಬಿಕೆ ಹುಟ್ಟುತ್ತದೆ.

ಒಗರು ಎಂಬ ಒಂದು ಮಾತು

ಇಂಗ್ಲಿಷ್ ವೈನ್ ಪುಸ್ತಕಗಳು ಟ್ಯಾನಿನ್ ಅಂದರೆ ಏನು ಎಂದು ವಿವರಿಸಲು ಪುಟಗಟ್ಟಲೆ ಕಷ್ಟಪಡುತ್ತವೆ. ಒಣಗಿದಂತೆ, ಬಾಯಿ ಹಿಂಡಿದಂತೆ, ಗಟ್ಟಿ ಟೀ ಕುಡಿದಂತೆ ಎಂದು ಸುತ್ತಿ ಬಳಸಿ ಹೇಳುತ್ತವೆ. ನಮಗೆ ಅದು ಒಂದೇ ಮಾತು: ಒಗರು. ನೇರಳೆಹಣ್ಣು ತಿಂದ ನಾಲಿಗೆ, ಎಳೆ ಬಾಳೆಕಾಯಿ ಕಚ್ಚಿದ ಹಲ್ಲು, ಹಸಿ ಅಡಿಕೆ ಅಗಿದ ಕೆನ್ನೆಯ ಒಳಬದಿ. ಸಿಹಿ, ಹುಳಿ, ಉಪ್ಪು, ಖಾರ, ಕಹಿಯ ಜೊತೆಗೆ ಒಗರನ್ನೂ ಸೇರಿಸಿ ಆರು ರುಚಿ ಎಂದು ಎಣಿಸಿಕೊಂಡೇ ಬೆಳೆದವರು ನಾವು. ಹಾಗಾಗಿ ಇಂಗ್ಲಿಷ್ ಪುಸ್ತಕ ತೆರೆದು ಹೆದರಬೇಕಾಗಿಲ್ಲ ಎಂದು ತಮ್ಮನಿಗೆ ಹೇಳಿದೆ. ಆ ಪುಸ್ತಕದ ಅರ್ಧ ಪಾಠ ನಿನ್ನ ನಾಲಿಗೆಗೆ ಆಗಲೇ ಬರುತ್ತದೆ, ಹೆಸರುಗಳು ಮಾತ್ರ ಹೊಸವು.

ಈ ಹೆಸರುಗಳನ್ನು ಜೋಡಿಸಿಕೊಳ್ಳಲು ಸುಲಭದ ದಾರಿ ಚಿತ್ರದ ಪುಸ್ತಕ. ಮ್ಯಾಡಲಿನ್ ಪಕೆಟ್ ಮತ್ತು ಜಸ್ಟಿನ್ ಹ್ಯಾಮಕ್ ಅವರ 'ವೈನ್ ಫಾಲಿ' 2015ರಲ್ಲಿ ಬಂತು. 2018ರಲ್ಲಿ ಅದರದೇ ದೊಡ್ಡ ಆವೃತ್ತಿ ಬಂತು, ಮ್ಯಾಗ್ನಂ ಎನ್ನುತ್ತಾರೆ. ಒಂದೊಂದು ದ್ರಾಕ್ಷಿಗೂ ಒಗರು ಎಷ್ಟು, ಹುಳಿ ಎಷ್ಟು, ಮದ್ಯಾಂಶ ಎಷ್ಟು, ಬಾಯಲ್ಲಿ ಎಷ್ಟು ತೂಕ ಎಂದು ಬಣ್ಣದ ಗೆರೆಗಳಲ್ಲಿ ತೋರಿಸುತ್ತಾರೆ. ವಾಕ್ಯಗಳು ಚಿಕ್ಕವು. ನನ್ನ ತಮ್ಮ ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವನು, ಅವನಿಗೆ ಕಷ್ಟವಾಗಲಿಲ್ಲ. ಪಂಡಿತರು ಈ ಪುಸ್ತಕವನ್ನು ಮಕ್ಕಳಾಟ ಎಂದು ಮೂಗು ಮುರಿಯುವುದುಂಟು. ಹೌದು, ಇದು ಆಳಕ್ಕೆ ಇಳಿಯುವುದಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಅನ್ನುತ್ತಿರುವಾಗ, ಅತಿಥಿ ಬಾಗಿಲಲ್ಲಿ ನಿಂತು ಕೇಳುತ್ತಿರುವಾಗ, ಆಳ ಯಾರಿಗೆ ಬೇಕು? ಎರಡು ನಿಮಿಷದಲ್ಲಿ ಬೇಕಾದ್ದು ಸಿಕ್ಕರೆ ಸಾಕು.

ಇಂಥ ಪುಸ್ತಕ ಕೊಳ್ಳುವಾಗ ಒಂದು ಎಚ್ಚರ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಕಂಡಿದ್ದನ್ನು ಒಮ್ಮೆ ತರಿಸಿದೆ. ಬಂದದ್ದು ಯಾರೋ ಜೆರಾಕ್ಸ್ ಮಾಡಿ ಹೊಲಿದ ಪ್ರತಿ. ಕೆಂಪು ವೈನೂ ಬಿಳಿ ವೈನೂ ಒಂದೇ ಬೂದು ಬಣ್ಣ, ನಕ್ಷೆಗಳಲ್ಲಿ ನದಿ ಯಾವುದು ರಸ್ತೆ ಯಾವುದು ತಿಳಿಯದು. ಬಣ್ಣ ಮತ್ತು ನಕ್ಷೆಯ ಮೇಲೆ ನಿಂತಿರುವ ಪುಸ್ತಕವನ್ನು ಕೈಯಲ್ಲಿ ಹಿಡಿದು, ಪುಟ ತೆರೆದು ನೋಡಿ ಕೊಳ್ಳಿ. ಬರೀ ಅಕ್ಷರದ ಪುಸ್ತಕವಾದರೆ ಅಷ್ಟು ಚಿಂತೆಯಿಲ್ಲ.

ದಪ್ಪ ಪುಸ್ತಕಗಳು

ವೈನಿನ ದಪ್ಪ ಪುಸ್ತಕಗಳಲ್ಲಿ ಮೂರನ್ನು ಹೋಲಿಸುತ್ತೇನೆ. ಮೂರಕ್ಕೂ ಬೆಲೆ ಜಾಸ್ತಿ, ಮೂರರ ಕೆಲಸವೂ ಬೇರೆ ಬೇರೆ.

'ದಿ ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ವೈನ್' ಜ್ಯಾನ್ಸಿಸ್ ರಾಬಿನ್ಸನ್ ಅವರ ಸಂಪಾದಕತ್ವದಲ್ಲಿ 1994ರಲ್ಲಿ ಮೊದಲು ಬಂತು, ಐದನೆಯ ಆವೃತ್ತಿ 2023ರದು. ಇದು ನಿಘಂಟಿನ ಹಾಗೆ ಅಕ್ಷರಕ್ರಮದಲ್ಲಿದೆ. ಕೂತು ಓದುವ ಪುಸ್ತಕವಲ್ಲ, ಜಗಳ ಬಿಡಿಸುವ ಪುಸ್ತಕ. ದ್ರಾಕ್ಷಿ ಬೆಳೆಗಾರನಿಗೆ ಇದರಂಥ ಗೆಳೆಯ ಇನ್ನೊಂದಿಲ್ಲ. ಬೇರುಕಾಂಡ, ಬೂಜುರೋಗ, ನೀರಾವರಿ, ಮಣ್ಣು, ಎಲ್ಲಕ್ಕೂ ಒಂದೊಂದು ಟಿಪ್ಪಣಿಯಿದೆ. ಊಟದ ಜೊತೆ ಏನು ಎಂಬ ಪ್ರಶ್ನೆಗೆ ಮಾತ್ರ ಇದರಲ್ಲಿ ಸಿಗುವುದು ಕಡಿಮೆ.

ಹ್ಯೂ ಜಾನ್ಸನ್ 1971ರಲ್ಲಿ ಶುರು ಮಾಡಿದ 'ದಿ ವರ್ಲ್ಡ್ ಅಟ್ಲಾಸ್ ಆಫ್ ವೈನ್' ಈಗ ರಾಬಿನ್ಸನ್ ಅವರ ಕೈಸೇರಿ 2019ಕ್ಕೆ ಎಂಟನೆಯ ಆವೃತ್ತಿಗೆ ಬಂದಿದೆ. ನಕ್ಷೆ ಅಂದರೆ ಪ್ರಾಣ ಬಿಡುವವರಿಗೆ ಹಬ್ಬ. ಒಂದು ಗುಡ್ಡದ ಯಾವ ಮಗ್ಗುಲಲ್ಲಿ ಬಿಸಿಲು ಬೀಳುತ್ತದೆ, ಅದರಿಂದ ಹಣ್ಣು ಹೇಗೆ ಬದಲಾಗುತ್ತದೆ ಎಂದು ಓದಿದ ಮೇಲೆ ನಂದಿ ಬೆಟ್ಟದ 1478 ಮೀಟರ್ ಎತ್ತರವನ್ನೂ ಅದರ ನೆರಳಿನಲ್ಲಿರುವ ನಮ್ಮ ತೋಟಗಳನ್ನೂ ನೋಡುವ ಕಣ್ಣು ಬೇರೆಯಾಯಿತು. ಆದರೆ ಹೋಂಸ್ಟೇ ನಡೆಸುವವನಿಗೆ ಇದು ಬೈಠಕ್‌ಖಾನೆಯ ಅಲಂಕಾರ. ಅಷ್ಟು ದುಡ್ಡಿಗೆ ಒಂದು ಒಳ್ಳೆಯ ಫ್ರಿಜ್ಜಿನ ಕಂತು ಕಟ್ಟಬಹುದು.

ಮೂರನೆಯದು ಕ್ಯಾರೆನ್ ಮ್ಯಾಕ್‌ನೀಲ್ ಅವರ 'ದಿ ವೈನ್ ಬೈಬಲ್', 2001ರಲ್ಲಿ ಮೊದಲ ಸಲ, 2022ರಲ್ಲಿ ಮೂರನೆಯ ಸಲ. ಒಬ್ಬರೇ ಕೂತು ಹೇಳುವ ಕತೆ ಇದು. ಆ ಊರಿನ ವೈನ್ ಹೇಳುತ್ತಲೇ ಆ ಊರಿನವರು ಏನು ತಿನ್ನುತ್ತಾರೆ ಎಂಬುದನ್ನೂ ಸೇರಿಸುತ್ತಾರೆ. ಬೆಳೆದದ್ದೂ ಬೇಯಿಸಿದ್ದೂ ಒಂದೇ ಮಣ್ಣಿನಲ್ಲಿ ಒಟ್ಟಿಗೆ ಬೆಳೆದು ಬಂದಿವೆ ಎಂಬುದು ಓದುತ್ತಾ ಓದುತ್ತಾ ಮನಸ್ಸಿಗೆ ಇಳಿಯುತ್ತದೆ. ಮೂರರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ. ರಾತ್ರಿ ಕರೆಂಟು ಬರುವ ತನಕ ಬೋರ್‌ವೆಲ್ ಪಂಪಿನ ಹತ್ತಿರ ಕಾಯುತ್ತಾ ಓದಲು ಇದೇ ಸರಿ.

ಈ ಮೂರರಲ್ಲಿ ಯಾವುದನ್ನು ಕೈಗೆ ತೆಗೆದುಕೊಂಡರೂ ಹಿಂದಿನ ಪದಸೂಚಿ ತೆರೆದು ಒಂದು ಪರೀಕ್ಷೆ ಮಾಡಿ. ಭಾರತ ಇದೆಯೇ? ಇದ್ದರೆ ಅದರಲ್ಲಿ ನಾಸಿಕ ಮಾತ್ರವೇ, ನಂದಿಯೂ ಇದೆಯೇ? 1980ರ ದಶಕದಲ್ಲಿ ಗ್ರೋವರ್ ಕುಟುಂಬ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳನ್ನು ನೆಟ್ಟಿದ್ದು, ಆಮೇಲೆ ಫ್ರಾನ್ಸಿನ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಅಲ್ಲಿಗೆ ಸಲಹೆಗಾರರಾಗಿ ಬಂದಿದ್ದು, 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿದ್ದು, ಇದರಲ್ಲಿ ಒಂದಾದರೂ ಪುಸ್ತಕಕ್ಕೆ ಗೊತ್ತಿದ್ದರೆ ಬರೆದವರು ಭೂಗೋಳವನ್ನು ಪೂರ್ತಿ ಸುತ್ತಿದ್ದಾರೆ ಎಂದು ಲೆಕ್ಕ.

ಎರಡನೆಯ ಪರೀಕ್ಷೆ ಇನ್ನೂ ಗಟ್ಟಿ. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯ ಬಗ್ಗೆ ಏನು ಹೇಳುತ್ತದೆ ನೋಡಿ. ಆ ಹೆಸರಲ್ಲಿ ಸಿಗದಿದ್ದರೆ ಇಸಬೆಲ್ಲಾ ಎಂಬ ಹೆಸರಲ್ಲಿ ಅಥವಾ ಲ್ಯಾಬ್ರಸ್ಕಾ ಎಂಬ ಜಾತಿಯ ಕೆಳಗೆ ಹುಡುಕಿ. ನಮ್ಮ ಜಿಲ್ಲೆಯ ಚಪ್ಪರಗಳನ್ನು ಕಪ್ಪಾಗಿಸುವ, 2013ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಹಣ್ಣಿಗೆ ಒಂದು ಗಾಢವಾದ ಪರಿಮಳವಿದೆ. ಮೀಥೈಲ್ ಆಂಥ್ರನಿಲೇಟ್ ಎಂಬ ಅಂಶದ್ದು ಅದು. ದ್ರಾಕ್ಷಿ ಸ್ವಾದದ ಪೆಪ್ಪರ್‌ಮೆಂಟಿನಲ್ಲಿ ಸಿಗುವುದೂ ಅದೇ. ಯುರೋಪಿನವರಿಗೆ ಈ ವಾಸನೆ ಕಂಡರೆ ಆಗದು, 'ನರಿ ವಾಸನೆ' ಎಂದು ಕರೆಯುತ್ತಾರೆ. ಸಂತೆಯಲ್ಲಿ ಆ ಘಮಕ್ಕೇ ಜನ ನಿಂತು ಕೊಳ್ಳುವುದನ್ನು ನೋಡಿ ಬೆಳೆದವನು ನಾನು. ಇಂಥ ತಳಿಗಳನ್ನು ಒಂದೇ ಸಾಲಿನಲ್ಲಿ ಕೀಳು ಎಂದು ತಳ್ಳಿಹಾಕುವ ಪುಸ್ತಕವನ್ನು ನಾನು ಮುಚ್ಚಿ ಇಡುತ್ತೇನೆ. ಹೊಗಳಬೇಕೆಂದೇನಿಲ್ಲ, ಯಾಕೆ ಹಿಡಿಸುವುದಿಲ್ಲ ಎಂದು ಕಾರಣ ಕೊಟ್ಟರೂ ಸಾಕು.

ಋತುಮಾನ, ಬಿಸಿಲು, ಬೋರ್ಡೋ

ಪರದೇಶದ ಪುಸ್ತಕ ಓದುವಾಗ ನಾವೇ ತಿದ್ದಿಕೊಳ್ಳಬೇಕಾದ ಎರಡು ಸಂಗತಿಗಳಿವೆ. ತಿದ್ದಿಕೊಂಡರೆ ಪುಸ್ತಕ ಬದುಕುತ್ತದೆ, ಇಲ್ಲದಿದ್ದರೆ ದಾರಿ ತಪ್ಪಿಸುತ್ತದೆ.

ಒಂದು, ತೋಟದ ಕಾಲಮಾನ. ಅವರ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ಸೆಪ್ಟೆಂಬರ್ ಆಸುಪಾಸಿನಲ್ಲಿ ಕೊಯ್ಲು. ನಮ್ಮ ಬಳ್ಳಿಗೆ ನಿದ್ದೆಯೇ ಇಲ್ಲ. ವೈನ್ ತಳಿಗಳಿಗೆ ಏಪ್ರಿಲ್ ಹೊತ್ತಿಗೆ ಒಂದು ಪ್ರೂನಿಂಗ್, ಮಳೆಗಾಲ ಇಳಿಯುವಾಗ ಹಣ್ಣಿಗಾಗಿ ಇನ್ನೊಂದು, ಕೊಯ್ಲು ಚಳಿ ಕಳೆದ ಮೇಲೆ ಬೇಸಿಗೆಯ ಬಾಗಿಲಲ್ಲಿ. ಬೆಂಗಳೂರು ಬ್ಲೂ ಆದರೆ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಹಿಮ ಬಿದ್ದು ಚಿಗುರು ಸುಟ್ಟುಹೋಗುವ ಭಯವನ್ನು ಅವರು ಅಧ್ಯಾಯಗಟ್ಟಲೆ ಬರೆಯುತ್ತಾರೆ. ನಮ್ಮ ಭಯವೆಲ್ಲ ಅಕ್ಟೋಬರಿನ ಮಳೆ ಮತ್ತು ಅದರ ಹಿಂದೆಯೇ ಬರುವ ಡೌನಿ ಎಂಬ ಬೂಜುರೋಗ. ಹಾಗಾಗಿ ಬೇಸಾಯದ ಭಾಗಕ್ಕೆ ಅವರ ಪುಸ್ತಕ ನೆಚ್ಚಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ, ತೋಟಗಾರಿಕೆ ಇಲಾಖೆ ತರುವ ಕೈಪಿಡಿಗಳು, ಜಿಕೆವಿಕೆಯ ಕೃಷಿ ಮೇಳದ ಮಳಿಗೆಗಳಲ್ಲಿ ಸಿಗುವ ತೆಳು ಪುಸ್ತಿಕೆಗಳು ಇದಕ್ಕೆ ಸಾಕು. ನನ್ನ ಕಪಾಟಿನ ಕನ್ನಡದ ದ್ರಾಕ್ಷಿ ಪುಸ್ತಕಗಳೆಲ್ಲ ಇಂಥವೇ. ಔಷಧಿ, ಗೊಬ್ಬರ, ಚಪ್ಪರದ ಅಳತೆ ಎಲ್ಲ ಇದೆ, ಹಿಂಡಿದ ರಸ ಕುಡಿದರೆ ಹೇಗಿರುತ್ತದೆ ಎಂಬ ಒಂದು ಸಾಲಿಲ್ಲ.

ಬೋರ್ಡೋ ಅನ್ನುವ ಮಾತನ್ನೂ ಇಲ್ಲೇ ಹೇಳಬೇಕು. ಅಡಿಕೆ ಬೆಳೆಯುವ ಮಲೆನಾಡಿನವರಿಗೂ ದ್ರಾಕ್ಷಿ ಬೆಳೆಯುವ ನಮಗೂ ಅದು ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ನೀಲಿ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಡೌನಿಯನ್ನು ತಡೆಯಲು 1880ರ ದಶಕದಲ್ಲಿ ಕಂಡುಕೊಂಡ ಮದ್ದು ಅದು, ಅದಕ್ಕೇ ಆ ಹೆಸರು. ಲೋಕದ ದುಬಾರಿ ವೈನುಗಳ ಊರಿನ ಹೆಸರು ನಮ್ಮ ರೈತರ ಬಾಯಿಗೆ ಸ್ಪ್ರೇ ಡಬ್ಬಿಯ ದಾರಿಯಾಗಿ ಬಂದು ನೆಲೆಸಿದೆ. ನನ್ನ ತಮ್ಮ ಪುಸ್ತಕ ತೆರೆದು ಮೊದಲು ಕೇಳಿದ್ದೇ, "ಅಣ್ಣಾ, ಇವರು ಬೋರ್ಡೋನ ಕುಡೀತಾರಾ?"

ಎರಡು, ಬಿಸಿಲು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಿ ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. ಅವರ ಕೋಣೆ ಅಂದರೆ ಹದಿನಾರರಿಂದ ಹದಿನೆಂಟು ಡಿಗ್ರಿಯ ಕಲ್ಲು ಮನೆ. ನಮ್ಮ ಏಪ್ರಿಲಿನ ಶೀಟಿನ ಮನೆ ಅಲ್ಲ. ನನ್ನ ತಮ್ಮ ಆ ಸಾಲನ್ನು ನಂಬಿ ಒಂದು ಮಧ್ಯಾಹ್ನ ಕ್ಯಾಬರ್ನೆ ಎಂಬ ಕೆಂಪು ವೈನನ್ನು ಬೆಚ್ಚಗೇ ಕೊಟ್ಟ. ಅತಿಥಿಗಳು ಒಂದೊಂದು ಗುಟುಕು ಕುಡಿದು ನೀರು ಕೇಳಿದರು. ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು ನಮ್ಮ ಕಡೆ. ಡಿಗ್ರಿಯನ್ನು ಅಂಕಿಯಲ್ಲಿ ಹೇಳುವ ಪುಸ್ತಕ ಒಳ್ಳೆಯದು, 'ಕೋಣೆಯ ಉಷ್ಣಾಂಶ' ಎಂದು ಬಿಟ್ಟುಬಿಡುವ ಪುಸ್ತಕ ನಮಗಲ್ಲ.

ಅಡುಗೆಯ ಕಡೆಯಿಂದ ಬರುವ ಪುಸ್ತಕಗಳು

ಇಷ್ಟೆಲ್ಲ ಓದಿದ ಮೇಲೆ ನನಗೆ ಅನಿಸಿದ್ದು, ವೈನಿನ ಪುಸ್ತಕಕ್ಕಿಂತ ಅಡುಗೆಯ ಕಾರಣ ಹೇಳುವ ಪುಸ್ತಕವೇ ಹೊಂದಾಣಿಕೆಯನ್ನು ಚೆನ್ನಾಗಿ ಕಲಿಸುತ್ತದೆ. ತಟ್ಟೆಯಲ್ಲಿ ಏನಿದೆ ಎಂದು ತಿಳಿಯದವನಿಗೆ ಲೋಟದಲ್ಲಿ ಏನಿರಬೇಕು ಎಂದು ಹೇಗೆ ತಿಳಿಯುತ್ತದೆ?

ಈ ಸಾಲಿನಲ್ಲಿ ದೊಡ್ಡಣ್ಣ ಹೆರಾಲ್ಡ್ ಮೆಗೀ ಅವರ 'ಆನ್ ಫುಡ್ ಅಂಡ್ ಕುಕಿಂಗ್'. 1984ರಲ್ಲಿ ಬಂದು 2004ರಲ್ಲಿ ಪೂರ್ತಿ ತಿದ್ದುಪಡಿಯಾದ ಗ್ರಂಥ. ಮಾಂಸ ಹುರಿದರೆ ರಸ ಒಳಗೇ ಮುಚ್ಚಿಕೊಳ್ಳುತ್ತದೆ ಎಂಬ ಹಳೆಯ ನಂಬಿಕೆಯನ್ನು ಅಳಿಸಿ, ಹುರಿಯುವುದು ರಸ ಹಿಡಿಯಲಿಕ್ಕಲ್ಲ, ಬಣ್ಣಕ್ಕೂ ಘಮಕ್ಕೂ ಎಂದು ತಿಳಿಸಿಕೊಟ್ಟದ್ದು ಇದು. ನಾಟಿಕೋಳಿಯನ್ನು ಈರುಳ್ಳಿ ಜೊತೆ ಹುರಿಯುವಾಗ ಅಮ್ಮ ಯಾಕೆ ಅಷ್ಟು ಹೊತ್ತು ಸೌಟು ಆಡಿಸುತ್ತಾಳೆ ಎಂಬುದಕ್ಕೆ ನನಗೆ ಉತ್ತರ ಸಿಕ್ಕಿತು. ಅಮ್ಮನಿಗೆ ಹೇಳಿದರೆ, "ಅದಕ್ಕೆ ಪುಸ್ತಕ ಯಾಕೆ, ಮೂಗಿಲ್ವಾ?" ಅಂದಳು. ವೈನಿನ ಬಗ್ಗೆಯೂ ಅದರಲ್ಲಿ ಪುಟಗಳಿವೆ. ಆದರೆ ರಸಾಯನಶಾಸ್ತ್ರ ಕಂಡರೆ ಓಡುವವರಿಗೆ ಇದು ಗಟ್ಟಿ ಉಂಡೆ.

ಅಷ್ಟು ಗಟ್ಟಿ ಬೇಡ ಅಂದರೆ ಕೃಶ್ ಅಶೋಕ್ ಅವರ 'ಮಸಾಲಾ ಲ್ಯಾಬ್' ಇದೆ, 2020ರದು. ಕುಕ್ಕರು, ಬೇಳೆ, ಹುಣಸೆ, ಒಗ್ಗರಣೆ, ಎಲ್ಲವೂ ನಮ್ಮ ಮನೆಯ ಸಾಮಾನೇ. ಬೆಲೆಯೂ ಕೈಗೆಟುಕುವಂಥದ್ದು. ಸಮೀನ್ ನೊಸ್ರತ್ ಅವರ 2017ರ 'ಸಾಲ್ಟ್ ಫ್ಯಾಟ್ ಆಸಿಡ್ ಹೀಟ್' ಉಪ್ಪು, ಜಿಡ್ಡು, ಹುಳಿ, ಬೆಂಕಿ ಈ ನಾಲ್ಕರ ಮೇಲೇ ಇಡೀ ಅಡುಗೆಯನ್ನು ನಿಲ್ಲಿಸುತ್ತದೆ. ಎರಡರಲ್ಲಿ ಯಾವುದು ಎಂದು ಕೇಳಿದರೆ, ನಮ್ಮ ಅಡುಗೆಮನೆಗೆ ಮೊದಲನೆಯದು ಹತ್ತಿರ, ವೈನ್ ಹೊಂದಿಸಲು ಎರಡನೆಯದು ಹೆಚ್ಚು ಉಪಯೋಗ. ಅದರಲ್ಲಿ ವೈನಿನ ಪಟ್ಟಿ ಇದೆ ಎಂದಲ್ಲ. ಆ ನಾಲ್ಕು ಕಣ್ಣಿನಿಂದ ಒಂದು ಸಾರನ್ನು ನೋಡಲು ಕಲಿತರೆ ಹೊಂದಾಣಿಕೆ ತಾನೇ ಹೊಳೆಯುತ್ತದೆ. ಬಸ್ಸಾರನ್ನೇ ತೆಗೆದುಕೊಳ್ಳಿ. ಬೇಳೆ ಸೊಪ್ಪು ಬೇಯಿಸಿ ಬಸಿದ ಕಟ್ಟು, ಹುಣಸೆಹುಳಿ, ಸುಟ್ಟ ಬೆಳ್ಳುಳ್ಳಿ, ಉಪ್ಪು ಮುಂದು, ಜಿಡ್ಡು ಹಿಂದು. ಅಂದರೆ ಹುಳಿ ಚುರುಕಾಗಿರುವ, ಸೊಪ್ಪಿನ ವಾಸನೆಗೆ ಹೊಂದುವ ಬಿಳಿ ವೈನ್, ಸೋವಿನ್ಯೋನ್ ಬ್ಲಾಂಕಿನಂಥದ್ದು. ಇದನ್ನು ನನಗೆ ಯಾವ ಪಟ್ಟಿಯೂ ಹೇಳಿಕೊಡಲಿಲ್ಲ.

ಮುದ್ದೆಯ ವಿಷಯದಲ್ಲಿ ಮಾತ್ರ ಎಲ್ಲ ಪುಸ್ತಕಗಳೂ ಸೋತವು. ವೈನಿನವರು ಅಗಿಯಿರಿ, ಬಾಯಲ್ಲಿ ಹೊರಳಿಸಿ, ನಾಲಿಗೆಯ ಮೇಲೆ ನಿಲ್ಲಿಸಿ ಅನ್ನುತ್ತಾರೆ. ಮುದ್ದೆ ಅಗಿಯುವ ಪದಾರ್ಥವಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಬಾಯಲ್ಲಿ ಉಳಿಯುವುದು ಸಾರು ಮಾತ್ರ. ಹಾಗಾಗಿ ಮುದ್ದೆಯನ್ನು ಮರೆತು ಸಾರಿಗೆ ವೈನ್ ಹೊಂದಿಸಬೇಕು, ಇದು ನಮ್ಮ ಮನೆಯ ಸಂಶೋಧನೆ. ರಾಗಿಯನ್ನೂ ಭತ್ತವನ್ನೂ ರಾಮನ ಮುಂದೆ ನಿಲ್ಲಿಸಿ ವಾದಕ್ಕೆ ಬಿಟ್ಟ ಕನಕದಾಸರು ವೈನನ್ನೂ ಕರೆದಿದ್ದರೆ ರಾಗಿ ಏನೆನ್ನುತ್ತಿತ್ತೋ.

ಹಳೆಯವುಗಳಿಂದ ಏನು ಸಿಗುತ್ತದೆ

ನಮ್ಮಲ್ಲಿ ಊಟದ ಪುಸ್ತಕ ಹೊಸದೇನಲ್ಲ. ಎರಡನೆಯ ಚಾವುಂಡರಾಯನ 'ಲೋಕೋಪಕಾರ' 1025ರ ಸುಮಾರಿನದು. ಕೃಷಿ, ಜಲಶೋಧನೆಯ ನಡುವೆ ಅಡುಗೆಯೂ ಇದೆ. ಮೂರನೆಯ ಮಂಗರಸ 1500ರ ಆಸುಪಾಸಿನಲ್ಲಿ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದ. ಜೈನ ಕವಿ, ಹಾಗಾಗಿ ಮಾಂಸವಿಲ್ಲ, ಮದ್ಯವಿಲ್ಲ. ಹಸಿಮೆಣಸಿನಕಾಯಿಯೂ ಇಲ್ಲ, ಅದು ಪೋರ್ಚುಗೀಸರ ಕಾಲದಿಂದೀಚೆಗೆ ಬಂದದ್ದು. ಖಾರಕ್ಕೆ ಕಾಳುಮೆಣಸು. ಮೆಣಸಿನ ಸಾರು ಕೆಂಪು ವೈನಿಗೆ ಹಸಿಮೆಣಸಿನಕಾಯಿಯ ಸಾರಿನಷ್ಟು ಹಗೆಯಲ್ಲ ಎಂಬುದು ನನಗೆ ಹೊಳೆದದ್ದು ಇದನ್ನು ಓದುವಾಗಲೇ. ತಮ್ಮನ ಹೋಂಸ್ಟೇಯಲ್ಲಿ ಈಗ ಬಾಟಲಿ ಕೆಂಪಾದರೆ ಕೋಳಿಗೆ ಮೆಣಸು ಜಾಸ್ತಿ, ಮೆಣಸಿನಕಾಯಿ ಕಡಿಮೆ.

ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ.ಟಿ. ಅಚ್ಚಯ್ಯನವರ 'ಇಂಡಿಯನ್ ಫುಡ್: ಎ ಹಿಸ್ಟಾರಿಕಲ್ ಕಂಪ್ಯಾನಿಯನ್' 1994ರದು. ಯಾವ ಕಾಳು ಯಾವಾಗ ಬಂತು, ಯಾವ ಪಾನೀಯ ಯಾರು ಕುಡಿಯುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ನೆಚ್ಚಿನ ಪುಸ್ತಕ ಸಿಕ್ಕಿಲ್ಲ. ಅತಿಥಿಗಳ ಜೊತೆ ಮಾತು ಬೆಳೆಸಲು ಬೇಕಾದ ಸರಕೆಲ್ಲ ಇಲ್ಲಿದೆ. ಇವತ್ತಿನ ಊಟಕ್ಕೆ ಯಾವ ಬಾಟಲಿ ಅಂತ ಮಾತ್ರ ಕೇಳಬಾರದು.

ಹೊಸದೇ ಬೇಕೇ?

ಬೇಡ, ಎಲ್ಲಕ್ಕೂ ಬೇಡ. ಹುಳಿ, ಒಗರು, ಉಪ್ಪಿನ ಕಾರಣಗಳು ಹಳಸುವುದಿಲ್ಲ. ಬೆಲೆ, ವರ್ಷ, ಅಂಕ ಹಳಸುತ್ತವೆ. ನೂರಕ್ಕೆ ತೊಂಬತ್ತೆರಡು ಎಂದು ವೈನಿಗೆ ಪರೀಕ್ಷೆಯ ಅಂಕ ಕೊಡುವ ಪುಸ್ತಕವನ್ನು ಹಳೆಯದಿರಲಿ, ಹೊಸದೂ ಕೊಳ್ಳಬೇಡಿ. ಆ ಬಾಟಲಿ ಚಿಕ್ಕಬಳ್ಳಾಪುರಕ್ಕೆ ಬರುವುದಿಲ್ಲ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ದೊಡ್ಡ ಗ್ರಂಥಗಳ ಹಿಂದಿನ ಆವೃತ್ತಿ ಆಗಾಗ ಬಂದು ಬೀಳುತ್ತದೆ. ಬೆಳಗಿನ ಬಸ್ಸು ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದು ನಡೆದು ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ದ್ರಾಕ್ಷಿ ತಳಿ, ರುಚಿ, ಕಾರಣಕ್ಕೆ ಹಳೆ ಆವೃತ್ತಿ ಸಾಕು. ಭಾರತದ ವಿಷಯಕ್ಕೆ ಮಾತ್ರ ಹೊಸದು ಬೇಕು, ಈ ಇಪ್ಪತ್ತು ವರ್ಷದಲ್ಲಿ ಇಲ್ಲಿ ಬಹಳ ಬದಲಾಗಿದೆ. ಹಳೆಯದನ್ನು ಕೊಳ್ಳುವಾಗ ಪುಟ ಕಿತ್ತಿದೆಯೇ, ಗೆದ್ದಲು ಹಿಡಿದಿದೆಯೇ ನೋಡಿ, ಮೂಸಿಯೂ ನೋಡಿ.

ತಮ್ಮನಿಗೆ ಕೊನೆಗೆ ಹೇಳಿದ್ದು ಇಷ್ಟು. ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ ಚಿತ್ರದ್ದು. ಎರಡಕ್ಕಾದರೆ ಅದರ ಜೊತೆ ಉಪ್ಪು, ಜಿಡ್ಡು, ಹುಳಿಯದ್ದು. ಮೂರನೆಯದನ್ನು ಒಂದು ಸೀಸನ್ನು ಕಳೆದ ಮೇಲೆ ಕೊಳ್ಳಲಿ, ಆಗ ಯಾವ ಪ್ರಶ್ನೆಗೆ ಉತ್ತರ ಸಿಗುತ್ತಿಲ್ಲ ಎಂಬುದು ಅವನಿಗೇ ತಿಳಿದಿರುತ್ತದೆ. ಬೆಳೆಗಾರನಾಗಿದ್ದರೆ ಮೊದಲು ಆಕ್ಸ್‌ಫರ್ಡ್ ಎನ್ನುತ್ತಿದ್ದೆ. ಮತ್ತೆ, ಅಂಚಿನಲ್ಲಿ ಬಿಳಿ ಜಾಗ ಇರುವ ಪುಸ್ತಕ ತಗೋ ಎಂದೆ. ಅದನ್ನು ತಮಾಷೆ ಅಂದುಕೊಂಡ. ನಮ್ಮ ಊಟ ಅವರ ಪುಟಗಳಲ್ಲಿ ಇಲ್ಲದ ಮೇಲೆ ಅಂಚಿನಲ್ಲಾದರೂ ಬರೆಯಬೇಕಲ್ಲ.

ಹೋದ ಜನವರಿ, ಅವರೆಕಾಯಿ ಸೊಗಡು ಬಿಟ್ಟು ಊರೆಲ್ಲ ಘಮ್ಮೆನ್ನುವ ಕಾಲ, ಮೂರು ಬಾಟಲಿ ಇಟ್ಟುಕೊಂಡು ಕೂತೆವು. ಅವನ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಹೀಗಿದೆ: 'ಬಸ್ಸಾರು: ಸೋವಿನ್ಯೋನ್, ಚೆನ್ನ. ನಾಟಿಕೋಳಿ: ಶೆನಿನ್, ತಣ್ಣಗಿದ್ದರೆ. ಉಪ್ಪು ಹಾಕಿದ ಕಡಲೆಕಾಯಿ: ಗುಳ್ಳೆ ವೈನ್, ಬಾಟಲಿ ಖಾಲಿ. ಹಿದುಕಿದ ಬೇಳೆ: ಮೂರೂ ಬೇಡ, ಸೊಗಡು ಹೋಗುತ್ತೆ. ದೊಡ್ಡಮ್ಮ ಹೇಳಿದ್ದು.'